ಚೌಕಳಿ ಕೋಟಿನ ಶ್ರೀಸಾಮಾನ್ಯ

ಮುಂಬಯಿಯ ವಿ.ಟಿ. ಸ್ಟೇಷನ್ನಿನಿಂದ ಹೊರಗೆ ಬಂದು ರಸ್ತೆ ದಾಟಿದರೆ ಎದುರಿಗೇ ಟೈಮ್ಸ್ ಆಫ್ ಇಂಡಿಯಾ ಕಟ್ಟಡ. ಕಲ್ಯಾಣ, ಡೊಂಬಿವಲಿ, ಥಾಣೆಗಳಲ್ಲಿ ಬೆಳಗಿನ ಲೋಕಲ್ ಹಿಡಿದು ಫೋರ್ಟಿನ ಆಫೀಸುಗಳಿಗೆ ಹೋಗುವವರೆಲ್ಲ ಆ ಕಟ್ಟಡದ ಮಗ್ಗುಲಲ್ಲೇ ನಡೆಯಬೇಕು. ನಾನೂ ಮೂವತ್ತು ವರ್ಷಕ್ಕೆ ಮಿಕ್ಕಿ ಹಾಗೆ ನಡೆದವನು. ಒಳಗಿನ ಒಂದು ಕೋಣೆಯಲ್ಲಿ ಮೈಸೂರಿನವರೊಬ್ಬರು ಕೂತು ನಾಳೆ ಬೆಳಗಿನ ಚಿತ್ರ ಬರೆಯುತ್ತಿರುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಅವರನ್ನು ಕಣ್ಣಾರೆ ಕಂಡವರು ನಮ್ಮ ಡಬ್ಬಿಯಲ್ಲಿ ಯಾರೂ ಇರಲಿಲ್ಲ. ಆದರೂ ಆ ಕಟ್ಟಡದ ಹತ್ತಿರ ಬಂದಾಗ ಒಮ್ಮೆ ತಲೆಯೆತ್ತಿ ಮೇಲಿನ ಕಿಟಕಿಗಳನ್ನು ನೋಡುವುದು ನನಗೆ ರೂಢಿಯಾಗಿಬಿಟ್ಟಿತ್ತು.

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಒಂದು ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಾಲೆಯಲ್ಲ, ಬ್ಯಾಂಕಲ್ಲ, ದೇವಸ್ಥಾನದ ಟ್ರಸ್ಟೂ ಅಲ್ಲ. ಪತ್ರಿಕೆಯ ಮೊದಲ ಪುಟದ ಮೂಲೆಯಲ್ಲಿ ಅಂಗೈಯಷ್ಟು ಜಾಗ ಹಿಡಿದು ಅರ್ಧ ಶತಮಾನ ದಾಟಿ ನಡೆದ ಒಂದು ಪುಟ್ಟ ಚೌಕಟ್ಟು. ಅದಕ್ಕೆ ಕಾರ್ಯಕಾರಿ ಸಮಿತಿ ಇರಲಿಲ್ಲ, ನಿಧಿ ಇರಲಿಲ್ಲ, ಸದಸ್ಯತ್ವದ ರಸೀದಿ ಹರಿಯುತ್ತಿರಲಿಲ್ಲ. ಹಾಗಿದ್ದೂ ಈ ಊರುಗಳ ರೈಲು ಪ್ರಯಾಣಿಕರೆಲ್ಲ ಅದರ ಸದಸ್ಯರೇ. ಆರ್.ಕೆ. ಲಕ್ಷ್ಮಣ್ ಅವರ ‘ಯೂ ಸೆಡ್ ಇಟ್’ ಎಂಬ ಆ ಪಾಕೆಟ್ ಕಾರ್ಟೂನ್ ಶುರುವಾದದ್ದು 1951ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ಅದರೊಳಗಿನ ಮನುಷ್ಯನಿಗೆ 2026ಕ್ಕೆ ಎಪ್ಪತ್ತೈದು ತುಂಬುತ್ತದೆ.

ಇಂಗ್ಲಿಷಿನಲ್ಲಿ ಅವನು ‘ಕಾಮನ್ ಮ್ಯಾನ್’. ನಾವು ಕನ್ನಡಿಗರು ಮೊದಲಿನಿಂದಲೂ ಅವನನ್ನು ‘ಶ್ರೀಸಾಮಾನ್ಯ’ ಎಂದೇ ಕರೆದೆವು. ಸಾಮಾನ್ಯನ ಹೆಸರಿನ ಹಿಂದೆ ‘ಶ್ರೀ’ ಸೇರಿಸಿ ಆ ಮಾತನ್ನು ನಾಡಿನ ಬಾಯಿಗೆ ತಂದವರಲ್ಲಿ ಕುವೆಂಪು ಮುಖ್ಯರು. ಅವರು ಪಾಠ ಹೇಳಿದ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೇ ಲಕ್ಷ್ಮಣ್ ಬಿ.ಎ. ಓದಿದರು. ಒಬ್ಬರು ಸಾಮಾನ್ಯನಿಗೆ ಹೆಸರು ಕೊಟ್ಟರು, ಇನ್ನೊಬ್ಬರು ರೂಪ ಕೊಟ್ಟರು. ಒಂದೇ ಕಾಲೇಜಿನ ಅಂಗಳದಿಂದ ಇವೆರಡೂ ಹೊರಟವು ಎನ್ನುವುದು ನನಗೆ ಯಾವತ್ತೂ ಹೆಮ್ಮೆಯ ಸಂಗತಿ. ಹಾಗಾಗಿ ಈ ಲೇಖನದ ಉದ್ದಕ್ಕೂ ಅವನನ್ನು ನಮ್ಮ ಹೆಸರಿನಿಂದಲೇ ಕರೆಯುತ್ತೇನೆ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಹೆಡ್‌ಮಾಸ್ಟರು. ಆರು ಗಂಡುಮಕ್ಕಳಲ್ಲಿ ಇವರೇ ಕೊನೆಯವರು. ಕಾದಂಬರಿಕಾರ ಆರ್.ಕೆ. ನಾರಾಯಣ್ ಅಣ್ಣ. ಓದು ಬರುವ ಮೊದಲೇ ಮನೆಗೆ ಬರುತ್ತಿದ್ದ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತ ಕೂರುತ್ತಿದ್ದ ಹುಡುಗ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚುತ್ತಿದ್ದ. ಶಾಲೆಯಲ್ಲಿ ಒಂದು ದಿನ ಅವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿ ಹೊಗಳಿದರು. ತಾನು ಚಿತ್ರಕಾರನೇ ಆಗುತ್ತೇನೆ ಎಂದು ಅವನು ಅಂದುಕೊಂಡದ್ದು ಆ ಹೊಗಳಿಕೆಯಿಂದ. ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳು ಮದರಾಸಿನ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದವು. ಅವರ ರುಜುವಿನ ಅಕ್ಷರಗಳನ್ನು ಬಹಳ ಕಾಲ ‘ಕೌ’, ಅಂದರೆ ಹಸು, ಎಂದೇ ಓದಿಕೊಂಡಿದ್ದಾಗಿ ಲಕ್ಷ್ಮಣ್ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಹಸುವೊಂದು ಲಂಡನ್ನಿನಿಂದ ಚಿತ್ರ ಬರೆದು ಕಳಿಸುತ್ತಿದೆ ಎಂದು ಮೈಸೂರಿನ ಆ ಮಗು ನಂಬಿ ಕೂತಿದ್ದುದನ್ನು ನೆನೆದರೆ ನನಗೆ ಅಕ್ಕರೆ ಉಕ್ಕುತ್ತದೆ.

ಪ್ರೌಢಶಾಲೆ ಮುಗಿಸಿ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿಗೆ ಅರ್ಜಿ ಹಾಕಿದರು. ಇಲ್ಲಿ ಸೇರಲು ಬೇಕಾದ ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಕಾಣುವುದಿಲ್ಲ ಎಂಬರ್ಥದ ಉತ್ತರ ಬಂತು. ಆ ಶಾಲೆ ವಿ.ಟಿ.ಗೆ, ಟೈಮ್ಸ್ ಕಟ್ಟಡಕ್ಕೆ ನಾಲ್ಕು ಹೆಜ್ಜೆ. ಮುಂದೆ ಅದೇ ಬೀದಿಯಲ್ಲಿ ಅವರು ತಮ್ಮ ಇಡೀ ಬಾಳಿನ ಕೆಲಸ ಮಾಡಿದರು.

ಆ ಉತ್ತರ ಬಂದ ಮೇಲೆ ಮೈಸೂರಿನಲ್ಲೇ ಉಳಿದು ಬಿ.ಎ. ಓದಿದರಲ್ಲ, ಆ ವರ್ಷಗಳ ಬಗ್ಗೆ ನಾವು ಕನ್ನಡಿಗರು ಇನ್ನಷ್ಟು ಮಾತಾಡಬೇಕು. ಅಣ್ಣನ ಕಥೆಗಳಿಗೆ ‘ಹಿಂದೂ’ವಿನಲ್ಲಿ ಚಿತ್ರ ಬರೆದದ್ದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಡಾ. ಎಂ. ಶಿವರಾಂ, ನಮ್ಮ ರಾ.ಶಿ., 1942ರಲ್ಲಿ ಬೆಂಗಳೂರಿನಿಂದ ‘ಕೊರವಂಜಿ’ ಎಂಬ ನಗೆ ಮಾಸಪತ್ರಿಕೆ ಶುರು ಮಾಡಿದ್ದರು. 1967ರವರೆಗೆ ನಡೆದ ಆ ಪತ್ರಿಕೆಯ ಮೊದಲ ವರ್ಷಗಳಲ್ಲಿ ಲಕ್ಷ್ಮಣರ ರೇಖೆ ಕನ್ನಡದ ನಗೆಬರಹದ ಪಕ್ಕದಲ್ಲಿ ಕೂತು ಪಳಗಿತು. ಕೊರವಂಜಿಯ ನಗೆ ಮನೆಯೊಳಗಿನ ನಗೆ. ಯಾರನ್ನೂ ಕೆಡವಿ ಹಾಕದೆ, ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನು ನೋಡುವ ನಗೆ. ಮುಂದೆ ದೇಶದ ಪ್ರಧಾನಮಂತ್ರಿಗಳನ್ನೆಲ್ಲ ಲಕ್ಷ್ಮಣ್ ಇದೇ ಜಗಲಿಯ ಮೇಲಿನಿಂದ ನೋಡಿದರು ಎಂದು ನನಗೆ ಅನ್ನಿಸುತ್ತದೆ.

ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಒಂದು ಬೇಸಗೆ ರಜೆ ಕೆಲಸ ಮಾಡಿದ್ದೂ ಉಂಟು. ಆಮೇಲೆ ಮುಂಬಯಿಗೆ ಬಂದು ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. ಅಲ್ಲಿ ಅವರ ಜೊತೆ ಕೆಲಸ ಮಾಡಿದ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆ. 1947ರಲ್ಲಿ ಲಕ್ಷ್ಮಣ್ ಟೈಮ್ಸ್ ಆಫ್ ಇಂಡಿಯಾಕ್ಕೆ ಬಂದರು. ಬಂದವರು ಮತ್ತೆ ಬೇರೆ ಕಡೆ ನೋಡಲಿಲ್ಲ.

ಶ್ರೀಸಾಮಾನ್ಯ ಮೊದಲ ದಿನವೇ ಈಗಿನ ರೂಪದಲ್ಲಿ ಬಂದು ನಿಲ್ಲಲಿಲ್ಲ. ಹೊಸದಾಗಿ ಸ್ವತಂತ್ರವಾದ ದೇಶದ ಜನರನ್ನು ತೋರಿಸಬೇಕೆಂದು ಲಕ್ಷ್ಮಣ್ ಶುರುವಿನಲ್ಲಿ ಬಂಗಾಳಿ, ತಮಿಳ, ಪಂಜಾಬಿ ಎಂದು ಬೇರೆ ಬೇರೆ ವೇಷದ ಹಲವರನ್ನು ಒಂದೇ ಚೌಕಟ್ಟಿನಲ್ಲಿ ತುಂಬುತ್ತಿದ್ದರು. ದಿನವೂ ಸಂಜೆ ಪುಟ ಕಟ್ಟುವ ಹೊತ್ತಿಗೆ ಚಿತ್ರ ಕೊಡಬೇಕು, ಅಷ್ಟು ಜನರನ್ನು ಬರೆಯಲು ಪುರುಸೊತ್ತು ಎಲ್ಲಿ? ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಕೊನೆಗೆ ಒಬ್ಬ ಉಳಿದ. ಬೋಳು ತಲೆ, ಕಿವಿಯ ಹಿಂದೆ ಒಂದಿಷ್ಟು ಬಿಳಿ ಕೂದಲು, ದಪ್ಪ ಮೂಗು, ಅದರ ಮೇಲೆ ದುಂಡು ಕನ್ನಡಕ, ಪೊದೆ ಮೀಸೆ, ಚೌಕಳಿ ಕೋಟು, ಪಂಚೆ. ಅವನು ಯಾವ ರಾಜ್ಯದವನು ಎಂದು ಹೇಳಲು ಬರುವುದಿಲ್ಲ ಎಂಬುದೇ ಅವನ ಗುಣ ಎನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪಂಚೆಯ ಮೇಲೆ ಕೋಟು ತೊಟ್ಟು ಕಚೇರಿಗೋ ಶಾಲೆಗೋ ನಡೆದು ಹೋಗುವ ಗುಮಾಸ್ತರು, ಮೇಷ್ಟ್ರುಗಳು ಹಳೆ ಮೈಸೂರಿನ ಬೀದಿಬೀದಿಗಳಲ್ಲಿದ್ದರು. ಕೋಟಿಗೆ ಚೌಕಳಿ ಎಲ್ಲಿಂದ ಬಂತೋ, ಆ ನಡಿಗೆ ಮಾತ್ರ ಮೈಸೂರಿನದು ಎಂದೇ ನನ್ನ ನಂಬಿಕೆ.

ಅವನ ಮುಖದಲ್ಲಿ ಇನ್ನೊಂದನ್ನು ಗಮನಿಸಿ. ಮೀಸೆ ಬಾಯಿಯನ್ನು ಮುಚ್ಚಿದೆ. ಮಂತ್ರಿ ಮಾತಾಡುತ್ತಾನೆ, ಕಾರ್ಯದರ್ಶಿ ಮಾತಾಡುತ್ತಾನೆ, ಗುತ್ತಿಗೆದಾರ, ವೈದ್ಯ, ಪೊಲೀಸು, ಹೊಂಡ ಬಿದ್ದ ರಸ್ತೆಯ ಪಕ್ಕ ನಿಂತ ಎಂಜಿನಿಯರು ಎಲ್ಲರೂ ಮಾತಾಡುತ್ತಾರೆ. ಇವನ ಹೆಂಡತಿಯಂತೂ ಮನಸ್ಸಿಗೆ ಬಂದದ್ದನ್ನು ಹೇಳಿಯೇ ಬಿಡುತ್ತಾಳೆ. ಇವನು ಬಾಗಿಲ ಸಂದಿಯಲ್ಲೋ ಗುಂಪಿನ ಹಿಂದೆಯೋ ವಿಮಾನದ ಏಣಿಯ ಕೆಳಗೋ ನಿಂತು ನೋಡುತ್ತಾನೆ. ಹುಬ್ಬು ಒಂದಿಷ್ಟು ಮೇಲೇರಿರುತ್ತದೆ, ಅಷ್ಟೇ. ಐದು ದಶಕಗಳಲ್ಲಿ ಅವನು ಬಾಯಿಬಿಡಲಿಲ್ಲ. ನನ್ನ ಮಟ್ಟಿಗೆ ಈ ಮೌನವೇ ಆ ಸಂಸ್ಥೆಯ ಬುನಾದಿ. ಅವನು ಸುಮ್ಮನಿದ್ದದ್ದರಿಂದ, ಅವನು ಹೇಳಬೇಕಾದ್ದನ್ನು ಓದುವವನೇ ಹೇಳಬೇಕಾಗುತ್ತಿತ್ತು. ಪಾಕೆಟ್ ಕಾರ್ಟೂನಿನ ಹೆಸರೂ ಅದನ್ನೇ ಹೇಳುತ್ತದಲ್ಲ: ಹೇಳಿದ್ದು ನೀವು.

ಅವನನ್ನು ಓದುವವರು ಹೇಗೆ ಓದುತ್ತಿದ್ದರು ಎನ್ನುವುದು ಈ ಚರಿತ್ರೆಯ ಅರ್ಧ ಭಾಗ, ಮತ್ತು ಅದು ನಮ್ಮ ರೈಲಿನಲ್ಲೇ ನಡೆಯಿತು. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ 34 ಕಿಲೋಮೀಟರು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ನೂರು ವರ್ಷದ ಮೇಲೆ ಅದೇ ಹಳಿಯ ಗುಂಟ ಮುಂಬಯಿಯಲ್ಲಿ ಮನೆ ಕೊಳ್ಳಲಾಗದವರು ಬಂದು ನೆಲೆಸಿದರು. ಬ್ಯಾಂಕು, ರೈಲ್ವೆ, ವಿಮಾ ಕಂಪನಿ, ಕೇಂದ್ರ ಸರ್ಕಾರದ ಕಚೇರಿಗಳ ಗುಮಾಸ್ತರು. ಅವರಲ್ಲಿ ಕರಾವಳಿಯ, ಉತ್ತರ ಕರ್ನಾಟಕದ, ಹಳೆ ಮೈಸೂರಿನ ಕನ್ನಡಿಗರೂ ಸೇರಿದ್ದರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತಿಕೆಗೆ ಏರಿದ ಹೋಟೆಲ್ ಹುಡುಗರು ನಮ್ಮ ಪೀಳಿಗೆಯಲ್ಲಿ ಎಷ್ಟೋ ಮಂದಿ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ, ಅದರ ಮಂಜುನಾಥ ವಿದ್ಯಾಲಯ ತಲೆಯೆತ್ತಿದ್ದು, ಕಲ್ಯಾಣ, ಥಾಣೆ, ವಾಶಿಗಳಲ್ಲಿ ಕನ್ನಡ ಸಂಘಗಳು ಹುಟ್ಟಿಕೊಂಡದ್ದು ಇಂಥವರ ದುಡಿಮೆಯಿಂದ.

ಲೋಕಲಿನ ಗರ್ದಿಯಲ್ಲಿ ಪತ್ರಿಕೆ ಬಿಡಿಸಿ ಹಿಡಿಯಲು ಜಾಗವಿಲ್ಲ. ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಒಂದು ಅಂಗೈಯಗಲ ಮಾಡಿಕೊಂಡು, ಇನ್ನೊಂದು ಕೈಯಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದು ಓದಬೇಕು. ಹಾಗೆ ಮಡಚಿದಾಗ ಮೇಲೆ ಉಳಿಯುವುದು ಎಷ್ಟು? ಒಂದು ಪಾಕೆಟ್ ಕಾರ್ಟೂನಿನಷ್ಟು. ಥಾಣೆ ಬರುವುದರೊಳಗೆ ಆ ಪತ್ರಿಕೆ ನಾಲ್ಕು ಕೈ ದಾಟಿರುತ್ತಿತ್ತು. ಕೊಂಡವನು ಒಬ್ಬ, ಓದಿದವರು ಹತ್ತು ಜನ. ಇಂಗ್ಲಿಷು ಅಷ್ಟಾಗಿ ಬಾರದವರಿಗೆ ಪಕ್ಕದವರು ಕೆಳಗಿನ ಸಾಲನ್ನು ಮರಾಠಿಗೋ ಕನ್ನಡಕ್ಕೋ ತುಳುವಿಗೋ ತಿರುಗಿಸಿ ಹೇಳುತ್ತಿದ್ದರು. ಅದನ್ನು ಕೇಳಿದವರು ನಗುತ್ತಿರಲಿಲ್ಲ. ಒಮ್ಮೆ ತಲೆಯಾಡಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಲ್ಲಿ ಮುಂಬ್ರಾದ ಗುಡ್ಡವೋ ಖಾಡಿಯ ನೀರೋ ಹಿಂದೆ ಸರಿಯುತ್ತಿರುತ್ತಿತ್ತು. ಆಗ ಅವರ ಮುಖ ಚಿತ್ರದೊಳಗಿನ ಮುಖದಂತೆಯೇ ಇರುತ್ತಿತ್ತು ಎಂದು ಈಗ ಕಣ್ಣು ಮುಚ್ಚಿದರೂ ಹೇಳಬಲ್ಲೆ.

ನನ್ನ ಇಂಗ್ಲಿಷಿನ ಬಹುಪಾಲು ಬಂದದ್ದೂ ಆ ಒಂದು ಸಾಲಿನಿಂದಲೇ. ಊರಿನ ಕನ್ನಡ ಶಾಲೆಯಲ್ಲಿ ಓದಿ ಬಂದವನಿಗೆ ಸಂಪಾದಕೀಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾರ್ಟೂನಿನ ಸಾಲು ಬಾಯಿಮಾತಿನಂತೆ ಇರುತ್ತಿತ್ತು, ಚಿತ್ರ ಅರ್ಧ ಅರ್ಥ ಹೇಳಿಬಿಡುತ್ತಿತ್ತು. ಗೊತ್ತಿಲ್ಲದ ಶಬ್ದವನ್ನು ಪಾಸ್ ಇಡುವ ಪುಟ್ಟ ಚೀಲದೊಳಗಿನ ಚೀಟಿಯಲ್ಲಿ ಬರೆದುಕೊಂಡು ರಾತ್ರಿ ಹುಡುಕುತ್ತಿದ್ದೆ.

ಖಾಡಿಯಾಚೆ ನವಿ ಮುಂಬಯಿ ಎದ್ದದ್ದು 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಮೇಲೆ. ವಾಶಿಗೆ ರೈಲು ಬಂದದ್ದು 1992ರಲ್ಲಿ. ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರೂ ಇದೇ ಚಿತ್ರವನ್ನು ಹಾರ್ಬರ್ ಲೈನಿನಲ್ಲಿ ಓದಿದರು.

ಶ್ರೀಸಾಮಾನ್ಯನಿಗೆ ಒಬ್ಬ ತಮ್ಮನಿದ್ದಾನೆ, ಅವನನ್ನು ಮರೆಯಬಾರದು. 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ಲಕ್ಷ್ಮಣ್ ಬರೆದ ಗಟ್ಟು. ಕೈಯಲ್ಲಿ ಬ್ರಷ್ಷು, ಬಣ್ಣ ಸೋರುವ ಡಬ್ಬ, ಹಣೆಯ ಮೇಲೆ ಇಳಿಬಿದ್ದ ಕೂದಲು. ಹೆಸರಿಗಾಗಿ ಸ್ಪರ್ಧೆಯಿಟ್ಟು 500 ರೂಪಾಯಿ ಬಹುಮಾನ ಕೊಟ್ಟಿದ್ದರು. ಚಾಳಿನ ಮೂಲೆಯ ಹಾರ್ಡ್‌ವೇರ್ ಅಂಗಡಿಯ ತಗಡಿನ ಬೋರ್ಡಿನ ಮೇಲೆ ಗಟ್ಟು ನಿಂತಿದ್ದರೆ ದೀಪಾವಳಿ ಹತ್ತಿರ ಬಂತೆಂದು ಅರ್ಥ. ಒಂದೇ ಕೈ, ಒಂದು ಕಡೆ ಏನನ್ನೂ ಮುಟ್ಟದೆ ನೋಡುತ್ತ ನಿಲ್ಲುವ ಮುದುಕನನ್ನು, ಇನ್ನೊಂದು ಕಡೆ ಕಂಡದ್ದಕ್ಕೆಲ್ಲ ಬಣ್ಣ ಬಳಿಯುವ ಪೋರನನ್ನು ಬರೆಯಿತು. ಕಂಪನಿ ಗಟ್ಟುವನ್ನು 2002ರಲ್ಲಿ ಮನೆಗೆ ಕಳಿಸಿತು.

ಇನ್ನು ಪರದೆಯ ಕಥೆ. ಶ್ರೀಸಾಮಾನ್ಯ ಪರದೆಗೆ ಬರುವ ಮೊದಲು ಅವನನ್ನು ಬರೆದ ಕೈ ಬಂತು. 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರದಲ್ಲಿ ನಾಯಕ ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ. ಆ ಪಾತ್ರ ಮಾಡಿ ಚಿತ್ರವನ್ನೂ ನಿರ್ದೇಶಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್. ನಾಯಕ ಕಾಗದದ ಮೇಲೆ ಚಿತ್ರ ಬರೆಯುವಾಗ ಹತ್ತಿರದಿಂದ ಕಾಣುವ ಕೈ ಲಕ್ಷ್ಮಣ್ ಅವರದು. ಬೆಂಗಳೂರಿನಲ್ಲಿ ಹುಟ್ಟಿದವರ ದೇಹಕ್ಕೆ ಮೈಸೂರಿನಲ್ಲಿ ಹುಟ್ಟಿದವರ ಕೈ! ಈ ಚಿತ್ರ ಎಲ್ಲಾದರೂ ಸಿಕ್ಕಿದರೆ ಮಧುಬಾಲಾಳನ್ನು ನೋಡಿ ಮುಗಿದ ಮೇಲೆ ಒಮ್ಮೆ ಆ ಕೈಯನ್ನೂ ನೋಡಿ. ಮಸಿ ಹಾಕುವಾಗ ಗೆರೆ ಎಲ್ಲೂ ಅಳುಕುವುದಿಲ್ಲ.

ಕಾರ್ಟೂನ್ ಎಂಬ ಮಾತಿಗೆ ಆಗ ಚಲಿಸುವ ಚಿತ್ರ ಎಂಬ ಅರ್ಥ ನಮ್ಮಲ್ಲಿ ಇನ್ನೂ ಬಲಿತಿರಲಿಲ್ಲ. ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿನಲ್ಲಿ 1956ರಲ್ಲಿ ಕಾರ್ಟೂನ್ ವಿಭಾಗ ತೆರೆದು, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ರಾಮ್ ಮೋಹನ್ ಮೊದಲಾದವರಿಗೆ ಕಲಿಸಿದರು. ಒಂದು ಸೆಕೆಂಡಿನ ಚಲನೆಗೆ ಇಪ್ಪತ್ತನಾಲ್ಕು ಚೌಕಟ್ಟು ಬೇಕು. ಶ್ರೀಸಾಮಾನ್ಯನಿಗೆ ದಿನಕ್ಕೆ ಒಂದೇ ಚೌಕಟ್ಟು. ಹಾಗೆ ನೋಡಿದರೆ ಐವತ್ತು ವರ್ಷದ ಅವನ ಚಿತ್ರಗಳನ್ನೆಲ್ಲ ಒಂದರ ಹಿಂದೆ ಒಂದು ಇಟ್ಟು ಓಡಿಸಿದರೆ ಹತ್ತು ಹನ್ನೆರಡು ನಿಮಿಷದ ಚಿತ್ರವಾದೀತು. ಅಷ್ಟರಲ್ಲಿ ದೇಶದ ಅರ್ಧ ಶತಮಾನವೇ ಕಳೆದಿರುತ್ತದೆ, ಅವನ ಕೋಟು ಮಾತ್ರ ಅದೇ.

1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಕಟ್ಟಿದರು. ಕಥೆ ಅಣ್ಣನದು, ಗೆರೆ ತಮ್ಮನದು. ಶುರುವಿನಲ್ಲಿ ಎಲ್. ವೈದ್ಯನಾಥನ್ ಅವರ ಸಂಗೀತದ ಜೊತೆ ಲಕ್ಷ್ಮಣರ ರೇಖಾಚಿತ್ರಗಳು ಬರುವಾಗ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಬಾಗಿಲುಗಳೆಲ್ಲ ತೆರೆದಿರುತ್ತಿದ್ದವು, ಏಕೆಂದರೆ ಎಲ್ಲರ ಮನೆಯಲ್ಲಿ ಟಿ.ವಿ. ಇರಲಿಲ್ಲ. ಹೊನ್ನಾವರದ ಕಡೆಯ ಶಂಕರ್ ನಾಗ್ ಕನ್ನಡ ಸಿನಿಮಾಕ್ಕೆ ಹೋಗುವ ಮೊದಲು ಮುಂಬಯಿಯಲ್ಲಿ ಬ್ಯಾಂಕ್ ಕೆಲಸ ಮಾಡುತ್ತ ನಾಟಕ ಆಡಿದವರು. ಹಾಗಾಗಿ ಅವರು ನಮ್ಮವರೇ ಎಂಬ ಭಾವ ನಮಗೆ. ಗಿರೀಶ್ ಕಾರ್ನಾಡರು ಅಪ್ಪನಾಗಿ, ವೈಶಾಲಿ ಕಾಸರವಳ್ಳಿ ಅಮ್ಮನಾಗಿ, ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಹಿಂದಿಯಲ್ಲಿ ಮಾತಾಡಿದರೂ ಹಂಚಿನ ಮಾಡು, ಜಡಿಮಳೆ, ಮರದ ಕಂಬಗಳು ಕನ್ನಡದಲ್ಲೇ ಇದ್ದವು. ಆ ಧಾರಾವಾಹಿಯ ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯವಿದೆ. ಊರಿಗೆ ಹೋದಾಗ ನೋಡಿ ಬನ್ನಿ.

ಶ್ರೀಸಾಮಾನ್ಯ ಸ್ವತಃ ಮನುಷ್ಯನಾಗಿ ಪರದೆಯ ಮೇಲೆ ಬಂದದ್ದು 1988ರಲ್ಲಿ, ದೂರದರ್ಶನದ ‘ವಾಗ್ಳೆ ಕೀ ದುನಿಯಾ’ದಲ್ಲಿ. ದುರ್ಗಾ ಖೋಟೆಯವರ ಸಂಸ್ಥೆ ತಯಾರಿಸಿದ, ‘ಜಾನೇ ಭಿ ದೋ ಯಾರೋ’ ಖ್ಯಾತಿಯ ಕುಂದನ್ ಶಾ ನಿರ್ದೇಶಿಸಿದ ಧಾರಾವಾಹಿ ಅದು. ಲಕ್ಷ್ಮಣರ ಕಲ್ಪನೆಯಿಂದ ಹುಟ್ಟಿದ ಶ್ರೀನಿವಾಸ ವಾಗ್ಳೆಯ ಪಾತ್ರದಲ್ಲಿ ಅಂಜನ್ ಶ್ರೀವಾಸ್ತವ, ಹೆಂಡತಿ ರಾಧಿಕಾಳ ಪಾತ್ರದಲ್ಲಿ ಭಾರತಿ ಆಚರೇಕರ್. ಆಗಿನ್ನೂ ಹೊಸಬರಾಗಿದ್ದ ಶಾರುಖ್ ಖಾನ್ ಕೂಡ ಒಂದು ಕಂತಿನಲ್ಲಿ ಬಂದು ಹೋದರು. ವಾಗ್ಳೆ ಎಂಬ ಅಡ್ಡಹೆಸರು ಕಾರವಾರದ ಕಡೆಯವರಿಗೆ ನೆರೆಮನೆಯ ಹೆಸರು. ಖಾಸಗಿ ಕಂಪನಿಯ ಆ ಗುಮಾಸ್ತನ ಕಷ್ಟಗಳು ನಮಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಮನೆಗೊಂದು ಹೊಸ ಸಾಮಾನು ತರುವುದು, ಯಾರದೋ ಶಿಫಾರಸಿಗೆ ಅಲೆಯುವುದು, ಸಾಹೇಬರ ಮುಂದೆ ನಾಲಗೆ ತಡವರಿಸುವುದು.

ಅಂಜನ್ ಶ್ರೀವಾಸ್ತವ ಅದ್ಭುತವಾಗಿ ಮಾಡಿದರು. ಆದರೆ ನನಗೆ ಆಗಲೇ ಒಂದು ಸೂಕ್ಷ್ಮ ಹೊಳೆದಿತ್ತು. ವಾಗ್ಳೆ ಮಾತಾಡುತ್ತಾನೆ. ಮಾತಾಡಲೇಬೇಕು, ಧಾರಾವಾಹಿ ಮೌನದ ಮೇಲೆ ನಡೆಯದು. ಮಾತಾಡಿದ ಕೂಡಲೇ ಅವನಿಗೊಂದು ಜಾತಿ, ಊರು, ಸಂಬಳ, ಮಕ್ಕಳ ಪರೀಕ್ಷೆ ಎಲ್ಲ ಬಂದು ಸೇರಿದವು. ಅವನು ನಮ್ಮ ಪಕ್ಕದ ಮನೆಯವನಾದ. ಪತ್ರಿಕೆಯಲ್ಲಿದ್ದವನು ಪಕ್ಕದ ಮನೆಯವನಲ್ಲ, ನಾವೇ ಆಗಿದ್ದ. ಇದು ಧಾರಾವಾಹಿಯ ಕೊರತೆ ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲಿನ ಗೆರೆಗೆ ಒಂದು ಶಕ್ತಿ, ದೇಹವುಳ್ಳ ನಟನಿಗೆ ಇನ್ನೊಂದು. ಮುಂದೆ 2011ರಲ್ಲಿ ಸಬ್ ಟಿ.ವಿ.ಯಲ್ಲಿ ‘ಆರ್.ಕೆ. ಲಕ್ಷ್ಮಣ್ ಕೀ ದುನಿಯಾ’ ಬಂತು. 2021ರ ಫೆಬ್ರವರಿಯಲ್ಲಿ ವಾಗ್ಳೆಯ ಮಗನ ಸಂಸಾರವನ್ನು ಮುಂದಿಟ್ಟು ಹೊಸ ‘ವಾಗ್ಳೆ ಕೀ ದುನಿಯಾ’ ಶುರುವಾದಾಗ ಮಗನಾಗಿ ಸುಮೀತ್ ರಾಘವನ್, ಅಜ್ಜ ಅಜ್ಜಿಯಾಗಿ ಅದೇ ಅಂಜನ್ ಶ್ರೀವಾಸ್ತವ, ಅದೇ ಭಾರತಿ ಆಚರೇಕರ್. ಮೂವತ್ತು ವರ್ಷದ ಹಿಂದಿನ ಗಂಡ ಹೆಂಡತಿ ಮತ್ತೆ ಅದೇ ಮನೆಯೊಳಗೆ ಮುದುಕರಾಗಿ ಕೂತಿದ್ದನ್ನು ಕಂಡು ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಶ್ರೀಸಾಮಾನ್ಯನ ಪರದೆಯ ಚರಿತ್ರೆಯಲ್ಲಿ ಯಾರೂ ಸೇರಿಸದ ಇನ್ನೊಂದು ಚಿತ್ರವನ್ನು ನಾನು ಸೇರಿಸುತ್ತೇನೆ. 2005ರ ಮರಾಠಿ ಚಿತ್ರ ‘ಡೊಂಬಿವಲಿ ಫಾಸ್ಟ್’. ನಿಶಿಕಾಂತ್ ಕಾಮತ್ ಅವರ ಮೊದಲ ಚಿತ್ರ, ಆ ವರ್ಷದ ಅತ್ಯುತ್ತಮ ಮರಾಠಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಮಾಧವ ಆಪ್ಟೆ ಎಂಬ ಬ್ಯಾಂಕ್ ನೌಕರ, ಸಂದೀಪ್ ಕುಲಕರ್ಣಿ ಆ ಪಾತ್ರದಲ್ಲಿ. ದಿನವೂ ಡೊಂಬಿವಲಿಯಿಂದ ಅದೇ ಲೋಕಲ್, ಅದೇ ಸ್ಟೇಷನ್ನು, ಅದೇ ಮೇಜು. ನಿಯಮ ಮುರಿಯುವವರನ್ನು ಕಂಡೂ ಕಂಡೂ ಒಂದು ದಿನ ಅವನ ಒಳಗೆ ಏನೋ ಹರಿಯುತ್ತದೆ, ಕ್ರಿಕೆಟ್ ಬ್ಯಾಟು ಹಿಡಿದು ಬೀದಿಗಿಳಿಯುತ್ತಾನೆ. ಅದರಲ್ಲಿ ಲಕ್ಷ್ಮಣರ ಹೆಸರಿಲ್ಲ, ಚೌಕಳಿ ಕೋಟಿಲ್ಲ. ಆದರೂ ಚಿತ್ರಮಂದಿರದಲ್ಲಿ ಕೂತಿದ್ದಾಗ ನನಗೆ ಎದೆ ನಡುಗಿತು. ಐವತ್ತು ವರ್ಷ ಸುಮ್ಮನೆ ನೋಡುತ್ತಿದ್ದವನು ನಮ್ಮದೇ ಪ್ಲಾಟ್‌ಫಾರ್ಮಿನಿಂದ ಹೊರಟು ಬಾಯಿ ಬಿಟ್ಟ ಹಾಗಿತ್ತು. ಅವನಿಗೆ ಆದ ಗತಿ ನೋಡಿ ಹೊರಗೆ ಬಂದ ಮೇಲೆ, ಲಕ್ಷ್ಮಣ್ ತಮ್ಮವನನ್ನು ಯಾಕೆ ಮಾತಾಡಲು ಬಿಡಲಿಲ್ಲ ಎಂದು ಮೊದಲ ಬಾರಿಗೆ ಅರ್ಥವಾಯಿತು. ಬಾಯಿಬಿಟ್ಟವನು ಒಂದು ದಿನ ಸುದ್ದಿಯಾಗಿ ಮುಗಿಯುತ್ತಾನೆ. ಸುಮ್ಮನಿದ್ದು ನೋಡಿದವನು ಮರುದಿನವೂ ಅದೇ ಮೂಲೆಯಲ್ಲಿ ಸಾಕ್ಷಿಯಾಗಿ ನಿಲ್ಲುತ್ತಾನೆ. ಆ ಸಿಟ್ಟು ಸುಳ್ಳೆಂದು ಮಾತ್ರ ನಾನು ಹೇಳಲಾರೆ. ಎಷ್ಟೋ ಸಂಜೆ, ರೈಲಿನ ಬಾಗಿಲಿನ ಕಂಬಕ್ಕೆ ಒತ್ತಿಕೊಂಡು ನಿಂತಾಗ, ಅದು ನನ್ನೊಳಗೂ ಇತ್ತು.

2008ರ ‘ಎ ವೆಡ್ನೆಸ್‌ಡೇ’ಯಲ್ಲಿ ನಾಸಿರುದ್ದೀನ್ ಶಾ ಅವರ ಪಾತ್ರಕ್ಕೆ ಹೆಸರೇ ಇಲ್ಲ, ಅವನೂ ತನ್ನನ್ನು ಸಾಮಾನ್ಯ ಮನುಷ್ಯನೆಂದೇ ಹೇಳಿಕೊಳ್ಳುತ್ತಾನೆ. ಆ ಹೊತ್ತಿಗೆ ಕಾಮನ್ ಮ್ಯಾನ್ ಎಂಬ ಮಾತು ಕಾರ್ಟೂನಿನಿಂದ ಹೊರಬಂದು ಎಲ್ಲರ ಬಾಯಿಯ ಮಾತಾಗಿತ್ತು.

ಸಂಸ್ಥೆಗೆ ಮಾನ ಸನ್ಮಾನಗಳೂ ಬಂದವು. 1973ರಲ್ಲಿ ಲಕ್ಷ್ಮಣರಿಗೆ ಪದ್ಮಭೂಷಣ, 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ. 1988ರಲ್ಲಿ ಪತ್ರಿಕೆಗೆ 150 ತುಂಬಿದಾಗ ಶ್ರೀಸಾಮಾನ್ಯ ಅಂಚೆಚೀಟಿಯ ಮೇಲೆ ಬಂದ. ಪುಣೆಯ ಸಿಂಬಯೊಸಿಸ್ ಸಂಸ್ಥೆಯ ಆವರಣದಲ್ಲಿ ಎಂಟು ಅಡಿಯ ಕಂಚಿನ ಪ್ರತಿಮೆಯಾಗಿ ನಿಂತ, ವರಳಿಯ ಕಡಲ ದಂಡೆಯಲ್ಲಿ ಇನ್ನೊಂದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದರು. ಸಾಮಾನ್ಯರೂ ವಿಮಾನ ಹತ್ತಬೇಕೆಂಬುದು ಅವರ ಹಟ. ಆ ಕಂಪನಿಯ ಗುರುತಾಗಿ ಅವರು ಆರಿಸಿಕೊಂಡದ್ದು ಲಕ್ಷ್ಮಣರ ಮುದುಕನನ್ನೇ. ಇವೆಲ್ಲವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ವಿಮಾನದ್ದು. ಹಿಂದೆ ಮಂತ್ರಿಗಳ ವಿಮಾನದ ಏಣಿಯ ಕೆಳಗೆ ನಿಂತು ನೋಡುತ್ತಿದ್ದವನು ತಾನೇ ಮೇಲೇರಿದ.

ಅದೇ 2003ರಲ್ಲಿ ಲಕ್ಷ್ಮಣರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತು. ಬರೆಯುವ ಬಲಗೈ ಉಳಿಯಿತು, ಬರೆದರು. ಕೊನೆಯ ವರ್ಷಗಳನ್ನು ಪುಣೆಯಲ್ಲಿ ಕಳೆದು 2015ರ ಜನವರಿ 26ರಂದು, ಗಣರಾಜ್ಯದ ದಿನವೇ ತೀರಿಕೊಂಡರು. ಜನರ ದರ್ಶನಕ್ಕೆ ಅವರ ದೇಹವನ್ನು ಸಿಂಬಯೊಸಿಸ್ ಆವರಣದಲ್ಲಿ ಶ್ರೀಸಾಮಾನ್ಯನ ಪ್ರತಿಮೆಯ ಬಳಿಯೇ ಇಟ್ಟಿದ್ದರು. ಟಿ.ವಿ.ಯಲ್ಲಿ ನೋಡುತ್ತಿದ್ದೆ. ಸಾಲುಗಟ್ಟಿ ಬಂದವರಲ್ಲಿ ಬೋಳು ತಲೆಯ, ಕನ್ನಡಕದ ವೃದ್ಧರು ಎಷ್ಟೊಂದು ಜನ. ಕ್ಯಾಮೆರಾ ತಿರುಗಿದಾಗಲೆಲ್ಲ ಕಂಚಿನವನ ಮುಖವೂ ಒಂದು ಕ್ಷಣ ಕಾಣುತ್ತಿತ್ತು.

ಕೆಲಸ ಇಲ್ಲಿಗೆ ಮುಗಿದಿಲ್ಲ. ‘ಮಿಡ್ ಡೇ’ಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದ ಕುಂದಾಪುರದ ಸತೀಶ್ ಆಚಾರ್ಯ, ಮುಂಬಯಿಯಲ್ಲೇ ಗೆರೆ ಎಳೆದ, ಕುಂದಾಪ್ರ ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಪಂಜು ಗಂಗೊಳ್ಳಿ ನಮ್ಮ ಕಣ್ಣ ಮುಂದೆಯೇ ಬೆಳೆದವರು. ಅವರ ಬಗ್ಗೆ ಬರೆಯಲು ಬೇರೆಯೇ ಒಂದು ಸಂಚಿಕೆ ಬೇಕು.

ಈಗ ಲೋಕಲಿನಲ್ಲಿ ಪತ್ರಿಕೆ ಮಡಚುವವರು ಕಡಿಮೆ, ಎಲ್ಲರ ಅಂಗೈಯಲ್ಲೂ ಫೋನು. ಆದರೆ ನಮ್ಮ ಮನೆಗಳಲ್ಲಿ ಪತ್ರಿಕೆ ರದ್ದಿಗೆ ಹೋಗುವ ಮೊದಲು ಈ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡವರು ಹಲವರಿದ್ದರು. ನನ್ನ ಹತ್ತಿರವೇ ಎರಡು ಬಿಸ್ಕತ್ತಿನ ಡಬ್ಬ ತುಂಬ ಇವೆ, ಕಾಗದ ಹಳದಿಯಾಗಿದೆ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಸಂಘದ ವಾಚನಾಲಯದ ಕಪಾಟಿನ ಒಂದು ಅಂಕಣವನ್ನು ಇದಕ್ಕೆಂದೇ ಬಿಡಿಸಿಕೊಂಡಿದ್ದೇವೆ. ಕಲ್ಯಾಣ, ಥಾಣೆ, ವಾಶಿ, ನೆರೂಳಿನ ಬಂಧುಗಳಲ್ಲಿ ಯಾರ ಅಟ್ಟದ ಮೇಲಾದರೂ ಇಂಥ ಚೂರುಗಳಿದ್ದರೆ ದಯವಿಟ್ಟು ತಂದುಕೊಡಿ. ಅಂಟು ಹಾಕಬೇಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಲೂ ಬೇಡಿ, ಹಾಗೇ ಒಂದು ಲಕೋಟೆಯಲ್ಲಿಟ್ಟು ತನ್ನಿ. ತಾರೀಖು ಬರೆದಿಟ್ಟಿಲ್ಲವೆಂದು ಹಿಂಜರಿಯುವುದು ಬೇಡ. ಚಿತ್ರದ ಹಿಂಬದಿಯಲ್ಲಿ ಆ ದಿನದ ಸುದ್ದಿಯದೊಂದು ತುಂಡು ಇದ್ದೇ ಇರುತ್ತದೆ, ಅದನ್ನು ಓದಿ ಅದು ಯಾವ ವರ್ಷದ ಯಾವ ದಿನವೆಂದು ನಾವು ಹುಡುಕಿಕೊಳ್ಳುತ್ತೇವೆ.